ಅಂಗಡಿ ಬೇಕೋ ಬೇಡವೋ, ಊರು ಹೇಳಲಿ

ಬೆಂಗಳೂರಿನಲ್ಲಿ ಬಿಯರನ್ನು ತಾವೇ ತಯಾರಿಸಿ ತಾವೇ ಮಾರುವ ಮೈಕ್ರೊಬ್ರೂವರಿಗಳ ಮೇಲೆ ಅಬಕಾರಿ ಇಲಾಖೆಯ ಕಣ್ಣು ಸದಾ ಇರುತ್ತದೆ. ಮಾಡಿದ ಜಾಗದಲ್ಲೇ ಗ್ಲಾಸಿಗೆ ಸುರಿಯಬೇಕು, ಗಿರಾಕಿ ಅಲ್ಲೇ ಕೂತು ಕುಡಿಯಬೇಕು ಎಂಬುದು ಅವರಿಗಿದ್ದ ನಿಯಮ. 2020ರ ಲಾಕ್‌ಡೌನ್‌ನಲ್ಲಿ ಟ್ಯಾಂಕಿನಲ್ಲಿದ್ದ ಬಿಯರ್ ಹಾಳಾಗುತ್ತದೆಂದು ಮಾಲೀಕರು ಗೋಗರೆದ ಮೇಲೆ ತಾತ್ಕಾಲಿಕವಾಗಿ ಪಾರ್ಸೆಲ್‌ಗೆ ಅನುಮತಿ ಸಿಕ್ಕಿತು. ಅದಕ್ಕೂ ಇಷ್ಟೇ ಲೀಟರ್, ಇಂಥದ್ದೇ ಪಾತ್ರೆ ಎಂಬ ಷರತ್ತು. ಈ ಬಿಗಿಯನ್ನು ನಾನು ತಪ್ಪೆನ್ನುವುದಿಲ್ಲ. ಯಾರು ಮಾಡಿದರು, ಯಾರು ಮಾರಿದರು ಎಂಬುದಕ್ಕೆ ಅಲ್ಲಿ ಉತ್ತರವಿದೆ. ಅದೇ ಇಲಾಖೆ ರಾಯಬಾಗ ತಾಲ್ಲೂಕಿನ ಹಳ್ಳಿಗೆ ಬರುವಷ್ಟರಲ್ಲಿ ಆ ಪ್ರಶ್ನೆಯನ್ನೇ ಕೇಳುವುದಿಲ್ಲವಲ್ಲ, ನನ್ನ ಸಿಟ್ಟು ಅದರ ಮೇಲೆ.

ಅದೇ ತಾಲ್ಲೂಕಿನ ಮುಗಳಖೋಡದ ಸುತ್ತಮುತ್ತ ಕಬ್ಬಿನ ಸೀಮೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಸ್ಪಿರಿಟ್ ಆಗುತ್ತದೆ. ಅದಕ್ಕೆ ಬಣ್ಣ, ವಾಸನೆ ಸೇರಿ ವಿಸ್ಕಿ, ರಮ್ ಎಂಬ ಹೆಸರಿನಲ್ಲಿ 90 ಎಂಎಲ್‌ನ ಪಾಕೀಟಿಗೆ ಇಳಿಯುತ್ತದೆ. ಆ ಪಾಕೀಟು ತಿರುಗಿ ಕಬ್ಬು ಕಡಿಯುವವನ ಕೈಗೇ ಬರುತ್ತದೆ. ಲೈಸೆನ್ಸ್ ಇರುವ ಅಂಗಡಿಯಿಂದಲ್ಲ. ಪಾನ್ ಡಬ್ಬಿಯಿಂದ, ಕಿರಾಣಿ ಅಂಗಡಿಯ ಹಿಂಬಾಗಿಲಿನಿಂದ, ಧಾಬಾದಿಂದ. ಹಳ್ಳಿಗಳಲ್ಲಿ ನಸುಕಿಗೆ ಜನ ಕ್ಯಾನು ಹಿಡಿದು ಡೇರಿಗೆ ಹಾಲು ಹಾಕಲು ಹೊರಡುವ ಹೊತ್ತಿಗೇ ಈ ವ್ಯಾಪಾರ ಶುರುವಾಗಿರುತ್ತದೆ. ಗಿರಾಕಿ ಬಾಯಿ ಬಿಡುವುದಿಲ್ಲ, ಬೆರಳು ತೋರಿಸುತ್ತಾನೆ. ಗೋಣಿಚೀಲದ ಕೆಳಗಿಂದ ಪಾಕೀಟು ಬರುತ್ತದೆ, ಅಚ್ಚಾದ ಬೆಲೆಗಿಂತ ಹತ್ತಿಪ್ಪತ್ತು ರೂಪಾಯಿ ಹೆಚ್ಚಿಗೆ. ಮೂಲೆ ಹರಿದು ನಿಂತಲ್ಲೇ ಗಂಟಲಿಗೆ, ನೀರೂ ಇಲ್ಲ. ಆ ದುಡ್ಡು ಎಷ್ಟೋ ಸಲ ಹೆಂಡತಿ ಸಂಘದ ಕಂತಿಗೆಂದು ಎತ್ತಿಟ್ಟದ್ದು.

ಆಗಾಗ ದಾಳಿ ನಡೆಯುತ್ತದೆ. ಅಬಕಾರಿ ಕಾಯ್ದೆಯ 32, 34ನೇ ಕಲಂ ಹಾಕಿ ಡಬ್ಬಿಯವನ ಮೇಲೆ ಕೇಸು ಮಾಡುತ್ತಾರೆ. ಅವನಿಗೆ ಕೇಸುಗಟ್ಟಲೆ ಮಾಲು ಕೊಟ್ಟವನ ತಂಟೆಗೆ ಹೋಗುವುದು ಅಪರೂಪ. 2003ರಲ್ಲಿ ಪಾನೀಯ ನಿಗಮ ಸ್ಥಾಪನೆಯಾದಾಗಿನಿಂದ ಮದ್ಯದ ಸಗಟು ವ್ಯಾಪಾರ ಸರ್ಕಾರದ ಕೈಯಲ್ಲೇ ಇದೆ. ಯಾವ ಡಿಪೋದಿಂದ ಯಾವ ಅಂಗಡಿಗೆ ಎಷ್ಟು ಮಾಲು ಹೋಯಿತು ಎಂಬುದಕ್ಕೆ ಬಿಲ್ಲುಗಳಿವೆ. ಹಿಡಿಯುವ ಮನಸ್ಸಿದ್ದರೆ ದಾರಿ ಇಲ್ಲದಿಲ್ಲ. ಆದರೆ 2025-26ರ ಬಜೆಟ್ಟಿನಲ್ಲಿ ಅಬಕಾರಿ ಆದಾಯದ ಗುರಿಯೇ 40,000 ಕೋಟಿ ರೂಪಾಯಿ. ಇಷ್ಟು ದೊಡ್ಡ ಗುರಿ ಹೊತ್ತ ಇಲಾಖೆ ತನ್ನ ಮಾರಾಟವನ್ನು ತಾನೇ ತಡೆಯುತ್ತದೆಂದು ನಂಬುವುದು ಹೇಗೆ? 2007ರ ಜುಲೈನಲ್ಲಿ ಸರಾಯಿ ನಿಷೇಧವಾದಾಗ ಹೆಣ್ಣುಮಕ್ಕಳು ಉಸಿರು ಬಿಟ್ಟರು. ಸರಾಯಿ ಹೋದ ಜಾಗಕ್ಕೆ ಪಾಕೀಟು ಬಂದು ಕೂತಿತು. 2023ರಲ್ಲಿ ಅಬಕಾರಿ ಸಚಿವ ಆರ್.ಬಿ. ತಿಮ್ಮಾಪುರ ಅವರು, ಪಕ್ಕದ ಮುಧೋಳದವರೇ, ಹೊಸ ಮದ್ಯದಂಗಡಿಗಳ ಮಾತೆತ್ತಿದರು. ವಿರೋಧ ಎದ್ದ ಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯ ಹೊಸ ಅಂಗಡಿ ಇಲ್ಲವೆಂದರು. ಒಳ್ಳೆಯದೇ. ಆದರೆ ಬೇಕು ಎಂದವರೂ ಬೇಡ ಎಂದವರೂ ಬೆಂಗಳೂರಿನಲ್ಲಿ ಕೂತವರು. ಊರನ್ನು ಯಾರೂ ಕೇಳಲಿಲ್ಲ.

ಇತ್ತ, ತನ್ನ ಬೆಳೆಯನ್ನು ತಾನೇ ಮಾರಲು ಹೊರಟ ರೈತನ ಮೇಲೆ ಮಾತ್ರ ಕಾನೂನು ಕಣ್ಣು ಕೆಂಪಗೆ ಮಾಡುತ್ತದೆ. ಅಮಲೇ ಇಲ್ಲದ ನೀರಾ ಇಳಿಸುವ ಹಕ್ಕಿಗಾಗಿ 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠ್ಠಲೇನಹಳ್ಳಿಯಲ್ಲಿ ರೈತರು ಗೋಲಿಬಾರಿಗೆ ಬಲಿಯಾದರು. ಅಥಣಿ ತಾಲ್ಲೂಕಿನ ತೆಲಸಂಗ ಭಾಗದ ದ್ರಾಕ್ಷಿ ಬೆಳೆಗಾರರು ಇಂದಿಗೂ ಶೆಡ್ಡುಗಳಲ್ಲಿ ಮಣೂಕ ಒಣಗಿಸಿ ತಾಸಗಾಂವ, ಸಾಂಗಲಿಯ ಸವಾಲಿನ ದರಕ್ಕೆ ಕಾಯುತ್ತಾರೆ. ರಾಜ್ಯದ ವೈನ್ ನೀತಿ 2007ರಲ್ಲೇ ಬಂದಿದೆ. ವೈನಿಗೆ ಬೇರೆ ತಳಿಯೇ ಬೇಕು, ಬಂಡವಾಳ ಬೇಕು ಎಂಬುದು ನಿಜ. ಆದರೂ ನಾಲ್ಕಾರು ಬೆಳೆಗಾರರು ಸೇರಿ ಸಣ್ಣದಾಗಿ ತಯಾರಿಸಿ, ತೋಟದ ಬಾಗಿಲಲ್ಲೇ, ಹೆಸರು ಬರೆದು, ಲೆಕ್ಕ ಕೊಟ್ಟು ಮಾರುತ್ತೇವೆಂದರೆ ಅವರಿಗೂ ಮೈಕ್ರೊಬ್ರೂವರಿಯಂಥ ಬಿಗಿ ನಿಯಮವಿಟ್ಟು ಸರಳವಾದ ಲೈಸೆನ್ಸ್ ಕೊಡಬೇಕು. 2022ರ ಜನವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ರೈತರ ಹೆಸರು ಹೇಳಿ ಸೂಪರ್ ಮಾರ್ಕೆಟ್ಟಿನಲ್ಲಿ ವೈನ್ ಇಡಲು ಹೊರಟಿತು, ಅಣ್ಣಾ ಹಜಾರೆ ವಿರೋಧಿಸಿದರು. ನಾನೂ ಅದಕ್ಕೆ ವಿರೋಧಿಯೇ. ಅಕ್ಕಿ ಬೇಳೆಯ ಪಕ್ಕ ಬಾಟಲಿ ಇಡುವುದು ರೈತನ ನೇರ ಮಾರಾಟವಲ್ಲ.

ಆದರೆ ಅದೇ ಮಹಾರಾಷ್ಟ್ರದಿಂದ ಕಲಿಯಬೇಕಾದ್ದು ಇನ್ನೊಂದಿದೆ. ಕಾಗವಾಡ ದಾಟಿದರೆ ಮಿರಜ, ನಿಪ್ಪಾಣಿ ದಾಟಿದರೆ ಕಾಗಲ್. ಅಲ್ಲಿಯ ಹಳ್ಳಿಯ ಹೆಣ್ಣುಮಕ್ಕಳು ಸಹಿ ಹಾಕಿ ಕೇಳಿದರೆ ಊರ ಮದ್ಯದಂಗಡಿಯ ಮೇಲೆ ಗುಪ್ತ ಮತದಾನ ನಡೆಸಬೇಕು. ಮತಪತ್ರದ ಮೇಲೆ ಚಿತ್ರ ಎರಡೇ. ನಿಂತ ಬಾಟಲಿಗೆ ಹಾಕಿದರೆ ಅಂಗಡಿ ಇರಲಿ ಎಂದರ್ಥ, ಮಲಗಿದ ಬಾಟಲಿಗೆ ಹಾಕಿದರೆ ಮುಚ್ಚಲಿ ಎಂದರ್ಥ. ಅಕ್ಷರ ಬಾರದ ಅಜ್ಜಿಯೂ ತನ್ನ ತೀರ್ಪು ಕೊಡಬಹುದು. ಮತ ಹಾಕಿದವರಲ್ಲಿ ಬಹುಮತ ಸಾಲದು, ಪಟ್ಟಿಯಲ್ಲಿರುವ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೇಡವೆನ್ನಬೇಕು ಎಂಬುದು ಆ ನಿಯಮದ ಕುಂದು. ದುಡಿಯಲು ಗುಳೆ ಹೋದವರ ಮತವೆಲ್ಲ ಅಂಗಡಿಯ ಪರವೇ ಬಿದ್ದಂತಾಗುತ್ತದೆ. ನಮ್ಮಲ್ಲಿ ಆ ತಪ್ಪು ಬೇಡ.

ಅಂಗಡಿ ಮುಚ್ಚಿದರೆ ಕಳ್ಳಭಟ್ಟಿ ಹೆಚ್ಚುತ್ತದೆ ಎನ್ನುವವರಿದ್ದಾರೆ. ಭಯ ಸುಳ್ಳಲ್ಲ. ಆದರೆ ಇವತ್ತು ನಮ್ಮ ಹಳ್ಳಿಗಳಲ್ಲಿ ಕದ್ದು ಮಾರುತ್ತಿರುವುದು ಕಳ್ಳಭಟ್ಟಿಗಿಂತ ಹೆಚ್ಚಾಗಿ ಸರ್ಕಾರಕ್ಕೆ ಸುಂಕ ಕಟ್ಟಿ ಬಂದ ಮಾಲನ್ನೇ. 2019ರ ಜನವರಿಯ ಚಳಿಯಲ್ಲಿ ಮದ್ಯ ನಿಷೇಧ ಆಂದೋಲನದ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋದರು. ಅಷ್ಟು ದೂರ ನಡೆದರೂ ತಮ್ಮ ಊರಿನ ಒಂದು ಅಂಗಡಿ ಮುಚ್ಚಿಸುವ ಕಾನೂನಿನ ಅಧಿಕಾರ ಅವರ ಕೈಗೆ ಬರಲಿಲ್ಲ.

ಮುಗಳಖೋಡದ ಯಲ್ಲಾಲಿಂಗ ಮಠಕ್ಕೆ ಗಡಿಯಾಚೆಯಿಂದಲೂ ಭಕ್ತರು ಬರುತ್ತಾರೆ. ಇಂಥ ಊರಿನವರು ಬೇಡವೆಂದರೆ ಇಲ್ಲಿ ಬಾರೂ ಬೇಡ, ಬಿಯರೂ ಬೇಡ, ತೋಟದ ವೈನೂ ಬೇಡ. ಬೆಳಗಾವಿಯಲ್ಲಿ ಮುಂದಿನ ಅಧಿವೇಶನ ಸೇರಿದಾಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಶಾಸಕರು ಪಕ್ಷ ಮರೆತು 1965ರ ಅಬಕಾರಿ ಕಾಯ್ದೆಗೆ ತಿದ್ದುಪಡಿ ಕೇಳಲಿ: ಲೈಸೆನ್ಸ್ ಕೊಡುವ ಮೊದಲೂ, ನವೀಕರಿಸುವಾಗಲೂ ಆ ಊರಿನ ಅಥವಾ ವಾರ್ಡಿನ ಮತ ಕಡ್ಡಾಯ. ಜತೆಗೆ, ಪಾನ್ ಡಬ್ಬಿಯಲ್ಲಿ ಸಿಕ್ಕ ಮಾಲು ಯಾವ ಅಂಗಡಿಯದೆಂದು ಸಾಬೀತಾದರೆ ಆ ಅಂಗಡಿಯ ಲೈಸೆನ್ಸ್ ರದ್ದಾಗಬೇಕು.