ಕ್ಯಾನ್ಸರ್ ವಾಸಿಯಾದ ಮೇಲಿನ ರಕ್ತಸ್ರಾವ

ಗರ್ಭಕೊರಳಿನ ಕ್ಯಾನ್ಸರ್ ವಾಸಿಯಾಗಿ ಐದಾರು ವರ್ಷಗಳ ನಂತರ ಮೂತ್ರದಲ್ಲಿ ರಕ್ತ ಕಾಣಿಸಿಕೊಂಡರೆ, ರೋಗ ಮರಳಿತೆಂದೇ ಬಹುತೇಕರು ಎದೆಗುಂದುತ್ತಾರೆ. ಆ ಶಂಕೆಯನ್ನು ಪರೀಕ್ಷಿಸದೆ ತಳ್ಳಿಹಾಕುವಂತಿಲ್ಲ. ಆದರೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಇನ್ನೊಂದು ಕಾರಣವೂ ಇರಬಹುದು. ಪಕ್ಕದಲ್ಲೇ ಇರುವ ಮೂತ್ರಕೋಶಕ್ಕೂ ಅಷ್ಟಿಷ್ಟು ವಿಕಿರಣ ತಗುಲಿರುತ್ತದೆ. ಅದರ ಸೂಕ್ಷ್ಮ ರಕ್ತನಾಳಗಳು ನಿಧಾನವಾಗಿ ಮುಚ್ಚಿಕೊಂಡು, ಆಮ್ಲಜನಕವಿಲ್ಲದೆ ಅಂಗಾಂಶ ಸೊರಗುತ್ತದೆ. ಅಲ್ಲಿ ಹೊಸದಾಗಿ ಹುಟ್ಟುವ ದುರ್ಬಲ ನಾಳಗಳು ಒಡೆದು ರಕ್ತ ಒಸರುತ್ತದೆ. ಹತ್ತು ವರ್ಷಗಳ ನಂತರವೂ ಹೀಗಾಗುವುದುಂಟು.

ರಕ್ತದ ಹೆಪ್ಪುಗಳನ್ನು ಕೊಳವೆಯ ಮೂಲಕ ತೊಳೆದು ತೆಗೆಯುವುದು, ಒಸರುವ ಜಾಗವನ್ನು ಸುಟ್ಟು ಮುಚ್ಚುವುದು ರೂಢಿಯ ಉಪಚಾರ. ಪಟಿಕದ ದ್ರಾವಣವನ್ನೂ ಬಳಸುತ್ತಾರೆ; ಕ್ಷೌರದಂಗಡಿಯಲ್ಲಿ ಕಾಣುವ ಅದೇ ಪಟಿಕ. ಇವು ರಕ್ತವನ್ನು ನಿಲ್ಲಿಸಬಹುದು, ಮೂಲ ಕಾರಣವನ್ನು ಮುಟ್ಟುವುದಿಲ್ಲ. ಹಾಗಾಗಿ ಕೆಲವರು ಮತ್ತೆ ಮತ್ತೆ ಆಸ್ಪತ್ರೆ ಸೇರುತ್ತಾರೆ. ಕೊನೆಗೆ ಮೂತ್ರಕೋಶವನ್ನೇ ತೆಗೆಯಬೇಕಾದ ಪ್ರಸಂಗಗಳೂ ಇವೆ.

ಮೂಲಕ್ಕೇ ಕೈಹಾಕುವುದು ಅಧಿಕ ಒತ್ತಡದ ಆಮ್ಲಜನಕ ಚಿಕಿತ್ಸೆ. ಮುಚ್ಚಿದ ಕೋಣೆಯಲ್ಲಿ, ವಾತಾವರಣದ ಎರಡು ಪಟ್ಟಿಗೂ ಮಿಗಿಲಾದ ಒತ್ತಡದಲ್ಲಿ ಶುದ್ಧ ಆಮ್ಲಜನಕವನ್ನು ಉಸಿರಾಡಿಸಿ, ಸೊರಗಿದ ಅಂಗಾಂಶದಲ್ಲಿ ಹೊಸ ನಾಳಗಳು ಬೆಳೆಯಲು ಅನುವು ಮಾಡಲಾಗುತ್ತದೆ. ನಾರ್ಡಿಕ್ ದೇಶಗಳ ಐದು ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗವೊಂದರ ಫಲಿತಾಂಶ 2019ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ಯಲ್ಲಿ ಪ್ರಕಟವಾಯಿತು. 30ರಿಂದ 40 ಬಾರಿ ಈ ಚಿಕಿತ್ಸೆ ಪಡೆದವರ ಮೂತ್ರಸಂಬಂಧಿ ತೊಂದರೆಗಳು ಉಳಿದವರಿಗಿಂತ ಸ್ಪಷ್ಟವಾಗಿ ತಗ್ಗಿದ್ದವು. 87 ಮಂದಿಯ ಸಣ್ಣ ಪ್ರಯೋಗವದು. ಎಲ್ಲರಿಗೂ ಗುಣವಾಗುತ್ತದೆಂದು ಅದರಿಂದ ಹೇಳಲಾಗದು.

ಅರ್ಥಶಾಸ್ತ್ರ ಓದಿದ ನನ್ನನ್ನು ಕಾಡುವುದು ಆ ನಲವತ್ತು ಎಂಬ ಸಂಖ್ಯೆ. ದಿನಕ್ಕೆ ಸುಮಾರು ಒಂದೂವರೆ ಗಂಟೆ, ವಾರಕ್ಕೆ ಐದು ದಿನವೆಂದರೂ ಎಂಟು ವಾರ. ಇಂಥ ಕೋಣೆಗಳಿರುವುದು ಹೆಚ್ಚಾಗಿ ಮಹಾನಗರಗಳಲ್ಲಿ. ಯಾದಗಿರಿಯ ಕೂಲಿ ಹೆಣ್ಣುಮಗಳು ಬೆಂಗಳೂರಿಗೆ ಬಂದು ಎಂಟು ವಾರ ಎಲ್ಲಿ ತಂಗಬೇಕು? ಜೊತೆಗೆ ಬಂದವರ ಕೂಲಿಯ ಗತಿಯೇನು? ಸೇವೆಯಲ್ಲಿದ್ದಾಗ ನಾನು ಕಂಡ ಕಡತಗಳಲ್ಲಿ ಶಸ್ತ್ರಚಿಕಿತ್ಸೆಗೆ ದರವಿರುತ್ತಿತ್ತು, ವಿಕಿರಣಕ್ಕೂ ಇರುತ್ತಿತ್ತು; ವರ್ಷಗಳ ನಂತರ ತಲೆದೋರುವ ಪರಿಣಾಮಕ್ಕೆ ಬಾಬ್ತೇ ಇರುತ್ತಿರಲಿಲ್ಲ. ಲೆಕ್ಕಕ್ಕೆ ಸಿಗದ ಆ ವೆಚ್ಚವನ್ನು ಸಂಸಾರಗಳು ಸಾಲ ಮಾಡಿ ಭರಿಸುತ್ತವೆ.

ವಿಕಿರಣ ಚಿಕಿತ್ಸೆಗೆ ಹಣ ಕೊಡುವ ಸರ್ಕಾರ, ಅದರ ತಡವಾದ ಪರಿಣಾಮಗಳನ್ನೂ ಅದೇ ಚಿಕಿತ್ಸೆಯ ಮುಂದುವರಿಕೆಯೆಂದು ಭಾವಿಸಿ ಪ್ರಯಾಣ, ವಸತಿಯ ವೆಚ್ಚವನ್ನೂ ಭರಿಸಬೇಕು. ಕಲಬುರಗಿಯ ಕಿದ್ವಾಯಿ ಕೇಂದ್ರದಂಥ ಕಡೆ ಇಂಥದೊಂದು ಕೋಣೆ ಏಕಿರಬಾರದು? ಅದಕ್ಕೆ ಕಾಲ ಹಿಡಿದೀತು. ಬಿಡುಗಡೆಯ ಚೀಟಿಯಲ್ಲಿ ‘ಎಷ್ಟೇ ವರ್ಷ ಕಳೆದಿರಲಿ, ಮೂತ್ರದಲ್ಲಿ ರಕ್ತ ಕಂಡರೆ ಈ ಚೀಟಿಯೊಡನೆ ಬನ್ನಿ’ ಎಂದು ಕನ್ನಡದಲ್ಲಿ ಒಂದು ಸಾಲು ಅಚ್ಚು ಹಾಕಿಸಲು ಮಾತ್ರ ಯಾವ ಅನುದಾನವೂ ಬೇಕಿಲ್ಲ.