ಔಷಧೋದ್ಯಮದ ಆರೋಗ್ಯ ಮತ್ತು ಪೂರೈಕೆಯ ಭದ್ರತೆ

ಉದ್ಯಮವೊಂದರ ಬಲವನ್ನು ಅದರ ವಾರ್ಷಿಕ ಲಾಭದಿಂದ ಅಳೆಯುವುದು ವಾಡಿಕೆ. ಆದರೆ ಲಾಭವು ಕಳೆದ ವರ್ಷದ ಸಂಗತಿಯನ್ನು ಹೇಳುತ್ತದೆಯೇ ಹೊರತು, ನಾಳೆ ಬರಬೇಕಾದ ಕಚ್ಚಾ ಸಾಮಗ್ರಿ ಬಾರದೆ ಹೋದರೆ ಆ ಉದ್ಯಮ ಎಷ್ಟು ದಿನ ನಿಂತೀತು ಎಂಬುದನ್ನು ಹೇಳುವುದಿಲ್ಲ. ಈ ಎರಡನೆಯ ಪ್ರಶ್ನೆಯನ್ನು ಕೇಳಿಕೊಳ್ಳದ ಉದ್ಯಮ ಎಷ್ಟೇ ಗಳಿಸಿದರೂ ಆರೋಗ್ಯವಂತವೆನಿಸದು. ಭಾರತದ ಔಷಧೋದ್ಯಮ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಪೂರೈಕೆ ತಪ್ಪಿದರೆ ನಷ್ಟ ಮಾಲಿಕನಿಗೆ ಮಾತ್ರವಲ್ಲ, ರೋಗಿಗೂ ತಟ್ಟುತ್ತದೆ.

ಪುಣೆಯ ಕನ್ನಡಿಗರಿಗೆ ಪಿಂಪ್ರಿ ಚಿರಪರಿಚಿತವಾದ ಹೆಸರು. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಯುನಿಸೆಫಿನ ನೆರವಿನಿಂದ 1954ರಲ್ಲಿ ಅಲ್ಲಿ ಸ್ಥಾಪನೆಗೊಂಡ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಸಂಸ್ಥೆಯು ಮರುವರ್ಷವೇ ಪೆನಿಸಿಲಿನ್ ತಯಾರಿಕೆಗೆ ಕೈಹಾಕಿತು. 1961ರಲ್ಲಿ ಸ್ಥಾಪಿತವಾದ ಇಂಡಿಯನ್ ಡ್ರಗ್ಸ್ ಅಂಡ್ ಫಾರ್ಮಸ್ಯೂಟಿಕಲ್ಸ್ ಸಂಸ್ಥೆಯ ಹೈದರಾಬಾದ್ ಕಾರ್ಖಾನೆಯಲ್ಲಿ ಪಳಗಿದ ತಂತ್ರಜ್ಞರಲ್ಲಿ ಕೆಲವರು ಮುಂದೆ ಸ್ವಂತ ಉದ್ಯಮಗಳನ್ನು ಕಟ್ಟಿ, ಆ ನಗರಕ್ಕೆ ಔಷಧ ತಯಾರಿಕೆಯ ಕೀರ್ತಿಯನ್ನು ತಂದರು. ಗುಳಿಗೆಯನ್ನು ಒತ್ತುವುದಷ್ಟೇ ಅಲ್ಲ, ಅದರೊಳಗಿನ ಗುಣಕಾರಿಯಾದ ಮೂಲದ್ರವ್ಯವನ್ನೂ ದೇಶದಲ್ಲಿಯೇ ತಯಾರಿಸಬಹುದೆಂಬುದನ್ನು ಆ ಕಾಲ ತೋರಿಸಿಕೊಟ್ಟಿತು.

ಅನಂತರದ ದಶಕಗಳಲ್ಲಿ ಚೀನದ ಮೂಲದ್ರವ್ಯಗಳು ಅಗ್ಗದ ಬೆಲೆಗೆ ಬರತೊಡಗಿದವು. ಶಿಲೀಂಧ್ರವನ್ನು ಬೃಹತ್ ತೊಟ್ಟಿಗಳಲ್ಲಿ ಬೆಳೆಸಿ ಪೆನಿಸಿಲಿನ್ ಪಡೆಯುವ ವಿಧಾನಕ್ಕೆ ಸಕ್ಕರೆಯ ಅಂಶ, ಎಡೆಬಿಡದ ವಿದ್ಯುತ್ತು ಮತ್ತು ಅಪಾರ ಬಂಡವಾಳ ಬೇಕು. ಆ ಬೆಲೆಯೊಡನೆ ಸ್ಪರ್ಧಿಸಲಾರದೆ ಭಾರತದ ಪೆನಿಸಿಲಿನ್-ಜಿ ಘಟಕಗಳು ಒಂದೊಂದಾಗಿ ನಿಂತವು. ಅಗ್ಗವಾದುದನ್ನು ಕೊಂಡ ಪ್ರತಿಯೊಬ್ಬ ತಯಾರಕನ ಲೆಕ್ಕವೂ ಅವನ ಮಟ್ಟಿಗೆ ಸರಿಯೇ ಆಗಿತ್ತು. ಎಲ್ಲರ ಸರಿಯಾದ ಲೆಕ್ಕಗಳೂ ಸೇರಿ ಇಡೀ ಉದ್ಯಮವನ್ನು ಒಂದೇ ಬಾಗಿಲಿನ ಮನೆಯಲ್ಲಿ ಕೂರಿಸಿದವು. ಭಾರತ ಆಮದು ಮಾಡಿಕೊಳ್ಳುವ ಮೂಲದ್ರವ್ಯಗಳಲ್ಲಿ ಸುಮಾರು ಮೂರನೆಯ ಎರಡು ಪಾಲು ಚೀನದಿಂದ ಬರುವಂತಾಯಿತು.

ಇದರ ಅಪಾಯ ಬೇಗನೆ ಬಯಲಾಯಿತು. 2016ರ ಅಕ್ಟೋಬರಿನಲ್ಲಿ ಚೀನದ ಒಂದು ಕಾರ್ಖಾನೆಯಲ್ಲಿ ಸ್ಫೋಟ ಸಂಭವಿಸಿತು. ಪರಿಣಾಮವಾಗಿ 2017ರಲ್ಲಿ ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ತೀವ್ರ ಸೋಂಕಿಗೆ ಕೊಡುವ ಪಿಪರಾಸಿಲಿನ್-ಟಾಜೊಬ್ಯಾಕ್ಟಮ್ ಎಂಬ ಔಷಧದ ಅಭಾವ ತಲೆದೋರಿತು. 2020ರ ಜನವರಿ 23ರಂದು ವುಹಾನ್ ನಗರಕ್ಕೆ ದಿಗ್ಬಂಧನ ಬಿತ್ತು. ಮಾರ್ಚ್ 3ರಂದು ಭಾರತ ಸರಕಾರ ಪ್ಯಾರಾಸಿಟಮಾಲ್ ಸೇರಿದಂತೆ 26 ಮೂಲದ್ರವ್ಯ ಹಾಗೂ ಸಿದ್ಧೌಷಧಗಳ ರಫ್ತನ್ನು ನಿರ್ಬಂಧಿಸಿತು. ಜಗತ್ತಿನ ಔಷಧಾಲಯವೆನಿಸಿಕೊಂಡ ದೇಶವೇ ತನ್ನ ಕಪಾಟನ್ನು ಎಣಿಸಿ ನೋಡಬೇಕಾಯಿತು. ಅದೇ ತಿಂಗಳು ಮೂಲದ್ರವ್ಯಗಳ ದೇಶೀಯ ತಯಾರಿಕೆಗೆ 6,940 ಕೋಟಿ ರೂಪಾಯಿಗಳ ಪ್ರೋತ್ಸಾಹಕ ಯೋಜನೆ ಮಂಜೂರಾಯಿತು. ದಶಕಗಳ ಅನಂತರ ಪೆನಿಸಿಲಿನ್-ಜಿ ತಯಾರಿಕೆ 2024ರಲ್ಲಿ ಆಂಧ್ರದ ಕಾಕಿನಾಡದ ಬಳಿ ಮರಳಿ ಆರಂಭವಾಯಿತು.

ಹಾಗೆಂದು ಎಲ್ಲವನ್ನೂ ಸ್ವದೇಶದಲ್ಲಿಯೇ ತಯಾರಿಸುವುದೊಂದೇ ಪರಿಹಾರವೆಂದು ಭಾವಿಸುವುದು ತಪ್ಪು. ಬೆಂಕಿಗೂ ನೆರೆಗೂ ಗಡಿಯ ಭೇದವಿಲ್ಲ. ಪರದೇಶದ ಏಕೈಕ ಪೂರೈಕೆದಾರನ ಸ್ಥಾನದಲ್ಲಿ ಸ್ವದೇಶದ ಏಕೈಕ ಪೂರೈಕೆದಾರನನ್ನು ಕೂರಿಸಿದ ಮಾತ್ರಕ್ಕೆ ಉದ್ಯಮ ಸುರಕ್ಷಿತವಾಗದು. ಬೇಕಾದುದು ಎರಡನೆಯ ಬಾಗಿಲು.

ಆ ಬಾಗಿಲನ್ನು ಆಪತ್ತು ಬಂದ ದಿನ ತೆರೆಯಲಾಗದು ಎಂಬುದೇ ಇಲ್ಲಿ ಮುಖ್ಯವಾದ ಅಂಶ. ಔಷಧ ತಯಾರಕನು ಮೂಲದ್ರವ್ಯದ ಪೂರೈಕೆದಾರನನ್ನು ಬದಲಿಸಬೇಕಾದರೆ ಮಾದರಿಗಳ ಪರೀಕ್ಷೆ, ಕಾಲಾಂತರದಲ್ಲಿ ಕೆಡದೆಂಬುದರ ಪುರಾವೆ, ನಿಯಂತ್ರಣ ಅಧಿಕಾರಿಗಳ ಅನುಮೋದನೆ ಎಂದು ತಿಂಗಳುಗಳೇ ಹಿಡಿಯುತ್ತವೆ. ಆದ್ದರಿಂದ ಎರಡನೆಯವನನ್ನು ಮೊದಲೇ ಒಪ್ಪಿಸಿಟ್ಟುಕೊಂಡು, ಸುಭಿಕ್ಷದ ದಿನಗಳಲ್ಲಿಯೂ ಬೇಡಿಕೆಯ ಒಂದು ಪಾಲನ್ನು ಅವನಿಗೆ ಕೊಡುತ್ತಿರಬೇಕು. ಸದಾ ಮರೆತು ಸಂಕಟದಲ್ಲಿ ಮಾತ್ರ ಸ್ಮರಿಸುವ ಗಿರಾಕಿಗೆ ಯಾವ ವ್ಯಾಪಾರಿಯೂ ಮೊದಲ ಮಣೆ ಹಾಕನು. ದಾಸ್ತಾನನ್ನೂ ಬೆಲೆಯ ಮೇಲಲ್ಲ, ಮರಳಿ ದೊರೆಯಲು ತಗಲುವ ಕಾಲದ ಮೇಲೆ ನಿರ್ಣಯಿಸಬೇಕು. ಔಷಧಕ್ಕೆ ಅವಧಿಯ ಮಿತಿಯುಂಟಾದ ಕಾರಣ ದಾಸ್ತಾನೊಂದನ್ನೇ ನಂಬುವಂತೆಯೂ ಇಲ್ಲ.

ದಾಸ್ತಾನು ತೀರಿದಾಗಲೂ ಕೈಹಿಡಿಯಬಲ್ಲದ್ದು ಪರಸ್ಪರ ವಿಶ್ವಾಸ. ಇದನ್ನು ಜಪಾನಿನ ಮೋಟಾರು ಉದ್ಯಮದಲ್ಲಿ ಕಾಣಬಹುದು. 1997ರ ಫೆಬ್ರವರಿ 1ರಂದು ಐಸಿನ್ ಸಂಸ್ಥೆಯ ಕಾರ್ಖಾನೆಗೆ ಬೆಂಕಿ ಬಿದ್ದಾಗ, ಟೊಯೊಟಾ ಕಾರುಗಳ ಬ್ರೇಕಿಗೆ ಬೇಕಾದ ಒಂದು ಸಣ್ಣ ಕವಾಟದ ಪೂರೈಕೆ ನಿಂತುಹೋಯಿತು. ಬಹುತೇಕ ಅದೊಂದೇ ಮೂಲವನ್ನು ನಂಬಿದ್ದ ಟೊಯೊಟಾದ ಬಳಿ ಇದ್ದ ದಾಸ್ತಾನು ಕೆಲವೇ ಗಂಟೆಗಳಿಗೆ ಸಾಲುವಷ್ಟು. ಕಾರುಗಳ ತಯಾರಿಕೆಯೇ ಸ್ಥಗಿತಗೊಂಡಿತು. ಆದರೆ ವರ್ಷಗಳಿಂದ ಅದರೊಡನೆ ವ್ಯವಹರಿಸುತ್ತಿದ್ದ ಹತ್ತಾರು ಸಂಸ್ಥೆಗಳು ಐಸಿನ್ನಿನಿಂದ ನಕ್ಷೆಗಳನ್ನು ಪಡೆದು, ತಮ್ಮ ತಮ್ಮ ಯಂತ್ರಗಳಲ್ಲಿ ಕವಾಟವನ್ನು ತಯಾರಿಸಿಕೊಟ್ಟವು. ಒಂದು ವಾರದ ಹೊತ್ತಿಗೆ ಕೆಲಸ ಬಹುಮಟ್ಟಿಗೆ ಸುಸ್ಥಿತಿಗೆ ಮರಳಿತು. ಒಂದೇ ಮೂಲವನ್ನು ನಂಬಿದ ತಪ್ಪಿಗೆ ದಂಡ ತೆತ್ತದ್ದು ನಿಜವಾದರೂ, ಆ ದಂಡ ಲಘುವಾದುದು ಬಾಂಧವ್ಯದಿಂದ.

ಮಹಾನಗರಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಈ ತತ್ತ್ವ ಅಪರಿಚಿತವೇನಲ್ಲ. ಮುಂಬಯಿಯ ಅನುಭವಸ್ಥ ಹೋಟೆಲು ಮಾಲಿಕನು ಹಾಲಿನವನ ಬಾಕಿಯನ್ನು ಹೊತ್ತಿಗೆ ಸರಿಯಾಗಿ ತೀರಿಸುತ್ತಾನೆ. ಮಳೆಗಾಲದಲ್ಲಿ ರೈಲು ನಿಂತರೂ ಬೆಳಗಿನ ಕಾಫಿ ನಿಲ್ಲದಿರಲೆಂದು ಇನ್ನೊಬ್ಬನ ಪರಿಚಯವನ್ನೂ ಇಟ್ಟುಕೊಂಡಿರುತ್ತಾನೆ. ಔಷಧದ ಅಂಗಡಿ, ಸಣ್ಣ ಕಾರ್ಖಾನೆ, ಮುದ್ರಣಾಲಯಗಳನ್ನು ನಡೆಸುವವರೂ ಇದೇ ವಿವೇಕವನ್ನು ಕ್ರಮಬದ್ಧವಾಗಿ ರೂಢಿಸಿಕೊಳ್ಳುವುದು ಲೇಸು. ಯಾವ ಒಂದು ವಸ್ತು ಬಾರದಿದ್ದರೆ ಕೆಲಸ ನಿಲ್ಲುವುದು, ಅದನ್ನು ಕೊಡುವವನಿಗೆ ಅದು ಎಲ್ಲಿಂದ ಬರುತ್ತದೆ, ಅವನು ಕೈಬಿಟ್ಟರೆ ಮುಂದೇನು ಎಂಬ ಮೂರು ಪ್ರಶ್ನೆಗಳಿಗೆ ವರ್ಷಕ್ಕೊಮ್ಮೆಯಾದರೂ ಉತ್ತರ ಬರೆದಿಡಬೇಕು.

ಎರಡನೆಯ ಮೂಲಕ್ಕೆ ತುಸು ಹೆಚ್ಚಿನ ಬೆಲೆ ತೆರಬೇಕಾದುದು ದಿಟ. ಅತ್ಯಂತ ಕಡಮೆ ದರದವನಿಗೇ ಗುತ್ತಿಗೆ ಕೊಡುವ ಪದ್ಧತಿಯಿರುವಲ್ಲಿ ತಯಾರಕನಿಗೆ ಆ ಹೊರೆ ಭಾರವೇ ಸರಿ. ಆದ್ದರಿಂದ ಸರಕಾರಗಳೂ ಆಸ್ಪತ್ರೆಗಳೂ ಔಷಧ ಕೊಳ್ಳುವಾಗ ದರದೊಡನೆ ಪೂರೈಕೆಯ ಭರವಸೆಗೂ ಬೆಲೆ ಕಟ್ಟಬೇಕು. ಕಿರ್ದಿಯಲ್ಲಿ ಈ ಹಣ ಖರ್ಚಿನ ಕಡೆಗೇ ಬೀಳುತ್ತದೆ. ಆದರೆ ಔಷಧಕ್ಕಾಗಿ ರೋಗಿಯ ಮನೆಯವರು ಅಂಗಡಿಯಿಂದ ಅಂಗಡಿಗೆ ಅಲೆಯುವ ದಿನ ಬಂದಾಗ, ಅದು ಪೋಲಾದ ಹಣವೆಂದು ಹೇಳುವವರು ಯಾರೂ ಇರಲಾರರು.