ಆಟಗಾರನಾರು?

ಇಂಗ್ಲೆಂಡಿನ ಕ್ರಿಕೆಟ್ಟಿನಲ್ಲಿ ೧೯೬೨ರವರೆಗೂ ಎರಡು ಜಾತಿಗಳಿದ್ದುವು. ವ್ಯಾಪಾರಿ ಮನೆತನದ ಮಗ ಸಂಬಳವಿಲ್ಲದೆ ಆಡಿದರೆ ‘ಜಂಟಲ್‌ಮನ್’. ಹೊಟ್ಟೆಪಾಡಿಗಾಗಿ ಆಡಿದವನು ಬರಿಯ ‘ಪ್ಲೇಯರ್’. ನಗಬೇಡಿ, ನಮ್ಮಲ್ಲೇನು ಕಡಿಮೆ? ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ ಪುಣೆಯಲ್ಲಿ ಬಿಳಿಯ ದೊರೆಗಳಿಗೆ ಚೆಂಡೆಸೆದು ಸಂಬಳ ಪಡೆದವರು. ದಲಿತರೆಂದು ಸ್ವಂತ ತಂಡದವರೇ ಅವರಿಗೆ ಹೊರಗೆ, ಮಣ್ಣಿನ ಕುಡಿಕೆಯಲ್ಲಿ ಚಹ ಕೊಟ್ಟರು. ೧೯೧೧ರ ಇಂಗ್ಲೆಂಡ್ ಪ್ರವಾಸದಲ್ಲಿ ೧೧೪ ವಿಕೆಟ್ ಪಡೆದ ಅವರನ್ನು ಹಿಂದೂ ತಂಡದ ನಾಯಕನನ್ನಾಗಿ ಮಾಡಲಿಲ್ಲ. ೧೯೨೩ರಲ್ಲಿ ಆ ಪಟ್ಟ ತಮ್ಮ ವಿಠ್ಠಲರಿಗೆ ಬಂತು.

ಭತ್ತದ ನಾಟಿಗೆ ಹೋಗುವ ತಾಯಿಯ ಮಗ ನಾನು. ನಮ್ಮ ಮನೆಯಲ್ಲಿ ಬಿ.ಎ. ಓದುತ್ತಿರುವ ಮೊದಲಿಗ. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ನಮ್ಮಂಥವರು ಸಂಜೆಯ ಅಭ್ಯಾಸಕ್ಕೆ ನಿಂತರೆ ಊರಿನ ಬಸ್ಸು ತಪ್ಪುತ್ತದೆ. ಬೂಟು, ಬಿಳಿಯುಡುಪು ಸ್ವಂತದ್ದೇ ಬೇಕೆಂದರೆ ತಂಡದ ಆಯ್ಕೆ ಅಂಗಡಿಯಲ್ಲಿಯೇ ಮುಗಿದಂತೆ! ಕ್ರೀಡಾ ಶುಲ್ಕವನ್ನು ಎಲ್ಲರೂ ಕಟ್ಟಿದ್ದೇವೆ. ಹನ್ನೊಂದು ಜೊತೆ ಬೂಟು ಅದರಿಂದ ಬರಲಿ. ಅಭ್ಯಾಸ ಬಸ್ಸಿಗೆ ಮೊದಲೇ ಮುಗಿಯಲಿ.